ಮನೆಯೊಳಗಿನ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೆ ಸ್ಕೂಲ್ ಮುಗಿದ ಮೇಲೆ, ಮನೆ ಪ್ರಾರ್ಥನೆಯ ನಂತರದ ಕಾಫಿ ಹೊತ್ತಿನಲ್ಲಿ, ಆಗಾಗ ಬರುವ ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ, ಗುರುತು ಸಿಗುವಂಥದ್ದನ್ನು ಮಾತ್ರ ತೆಗೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ದಿನಾ ಅಡುಗೆ, ಆಫೀಸು, ಮಕ್ಕಳ ಹೋಮ್‌ವರ್ಕ್. ಇದರಲ್ಲಿ ವಿಶ್ವಾಸದ ಪಾಠ ಅಂತ ಎಲ್ಲಿಂದ ಹುಡುಕೋದು?

ಯೇಸುಸ್ವಾಮಿ ಹೇಳಿದ ಸಾಮ್ಯಗಳನ್ನು, ಅಂದರೆ ಪಾಠ ಹೇಳುವ ಚಿಕ್ಕ ಕಥೆಗಳನ್ನು, ಒಮ್ಮೆ ಸಾಲಾಗಿ ನೋಡಿ. ಹಿಟ್ಟಿಗೆ ಹುಳಿ ಕಲಸುವ ಹೆಂಗಸು (ಮತ್ತಾಯ 13:33). ಕಳೆದುಹೋದ ಒಂದು ನಾಣ್ಯಕ್ಕೆ ದೀಪ ಹಚ್ಚಿ ಮನೆಯೆಲ್ಲ ಗುಡಿಸುವವಳು (ಲೂಕ 15:8). ಹಳೇ ಬಟ್ಟೆಗೆ ಹಾಕುವ ತೇಪೆ (ಮಾರ್ಕ 2:21). ನಡುರಾತ್ರಿ ಬಾಗಿಲು ಬಡಿದು ಮೂರು ರೊಟ್ಟಿ ಸಾಲ ಕೇಳುವ ಸ್ನೇಹಿತ, ಮಕ್ಕಳು ಮಲಗಿದ್ದಾರೆ ಅಂತ ಒಳಗಿನಿಂದಲೇ ಗೊಣಗುವ ಮನೆಯವನು (ಲೂಕ 11:5-8). ಎಲ್ಲವೂ ಮನೆಯೊಳಗಿನ ಸಂಗತಿಗಳೇ. ಇನ್ನೊಂದು ವಿಷಯ ಗಮನಿಸಿ. ಇವನ್ನು ಹೇಳಿದ್ದು ಮಕ್ಕಳಿಗಲ್ಲ, ದೊಡ್ಡವರಿಗೆ. ನಾವು ಮಾತ್ರ ಪಾಠ ಎಂದ ಕೂಡಲೇ ಮಕ್ಕಳ ಕಡೆ ನೋಡುತ್ತೇವೆ.

ಧರ್ಮೋಪದೇಶಕಾಂಡ 6:7 ದೇವರ ಮಾತನ್ನು ಯಾವಾಗ ಆಡಬೇಕು ಅಂತ ಹೇಳುತ್ತದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಸ್ಕೂಲ್ ವ್ಯಾನ್‌ಗೆ ಕಾಯುವ ಐದು ನಿಮಿಷವೂ ಇದರಲ್ಲಿ ಬಂತು, ಅಲ್ವಾ?

ಇವತ್ತು ರಾತ್ರಿಯೇ ಶುರು ಮಾಡಬಹುದು. ಊಟದ ಹೊತ್ತಿಗೆ ಎರಡೇ ಪ್ರಶ್ನೆ: ಇವತ್ತು ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು, ಯಾರಿಗೆ ಸಾರಿ ಹೇಳಬೇಕು ಅನ್ನಿಸಿತು? ಮೊದಲು ಉತ್ತರಿಸುವವರು ಅಪ್ಪ ಅಮ್ಮ ಆಗಿರಲಿ.

ಕುಟುಂಬ ಪ್ರಾರ್ಥನೆ ಎಷ್ಟು ಹೊತ್ತು ಇರಬೇಕು? ನಮ್ಮನೆ ಮಕ್ಕಳು ತೂಕಡಿಸ್ತಾರೆ.

ಅಪೊಸ್ತಲ ಪೌಲನ ಪ್ರಸಂಗ ಉದ್ದವಾದಾಗ ಯೂತಿಖ ಎಂಬ ಯುವಕ ನಿದ್ದೆ ಬಂದು ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದ (ಅಪೊಸ್ತಲರ ಕೃತ್ಯಗಳು 20:9). ಅಲ್ಲಿ ಯಾರೂ ಅವನನ್ನು ಬೈದ ಹಾಗೆ ಕಾಣುವುದಿಲ್ಲ. ನಿಮ್ಮ ಮಕ್ಕಳನ್ನೂ ಬೈಯಬೇಡಿ.

ಹತ್ತು ನಿಮಿಷ ಸಾಕು. ಒಂದು ಹಾಡು, ಐದಾರು ವಚನ, ಒಬ್ಬೊಬ್ಬರದೂ ಒಂದು ಸಾಲಿನ ಪ್ರಾರ್ಥನೆ, ಕೊನೆಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಕರ್ತನ ಪ್ರಾರ್ಥನೆ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಹಿರಿಯರಿಗೆ ಬರೆದ ಉಪದೇಶದಲ್ಲಿ ಬೆಳಗಿನ ಪ್ರಾರ್ಥನೆ ಬಹಳ ಚಿಕ್ಕದು. ಅದು ಮುಗಿದ ಮೇಲೆ ಹಾಡು ಹೇಳಿಕೊಂಡು ಖುಷಿಯಾಗಿ ಕೆಲಸಕ್ಕೆ ಹೊರಡಿ ಅನ್ನುತ್ತಾನೆ. ರಾತ್ರಿಯ ಪ್ರಾರ್ಥನೆ ಆದರೆ ಕೂಡಲೇ ನೆಮ್ಮದಿಯಾಗಿ ಮಲಗಿ ಅನ್ನುತ್ತಾನೆ. ರಾತ್ರಿ ಒಂಬತ್ತೂವರೆಗೆ ಅರ್ಧ ಗಂಟೆ ಪ್ರಸಂಗ ಮಾಡುವ ಅಪ್ಪಂದಿರು ಇದನ್ನು ಓದಬೇಕು.

ನನಗೇ ಬೈಬಲ್ ಅಷ್ಟಾಗಿ ಗೊತ್ತಿಲ್ಲ. ಮಕ್ಕಳು ಏನಾದ್ರೂ ಕೇಳಿಬಿಟ್ರೆ?

ಕೇಳಲಿ ಬಿಡಿ. ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬದ ನಿಯಮ ಕೊಡುವಾಗಲೇ ದೇವರು, ಇದರ ಅರ್ಥ ಏನು ಅಂತ ಮಕ್ಕಳು ಕೇಳುವರು ಎಂದು ಹೇಳಿಟ್ಟಿದ್ದಾರೆ (ವಿಮೋಚನಕಾಂಡ 12:26). ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದಿಟ್ಟು ಭಾನುವಾರ ಪಾಸ್ಟರ್ ಹತ್ತಿರವೋ ಫಾದರ್ ಹತ್ತಿರವೋ ಮಗುವಿನ ಕೈಯಲ್ಲೇ ಕೇಳಿಸಿ. ಸುಮ್ನೆ ಏನೋ ಕಟ್ಟಿ ಹೇಳಿದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ನಮ್ಮದು ಕ್ಯಾಥೊಲಿಕ್ ಮನೆ, ಸೊಸೆ ಪ್ರೊಟೆಸ್ಟಂಟರ ಸಿಎಸ್‌ಐ ಸಭೆಯವಳು. ಸಂಜೆ ಮರಿಯಮ್ಮನವರ ಜಪಸರ (ರೋಸರಿ) ಮಾಡುವಾಗ ಅವಳು ಎದ್ದು ಹೋಗ್ತಾಳೆ. ಏನು ಮಾಡೋದು?

ಒತ್ತಾಯ ಮಾಡಬೇಡಿ, ಮುನಿಸೂ ಬೇಡ. ಕರ್ತನ ಪ್ರಾರ್ಥನೆ, ಕೀರ್ತನೆಗಳು, ಸುವಾರ್ತೆಯ ಓದು ಇಬ್ಬರಿಗೂ ಒಂದೇ. ಆ ಭಾಗವನ್ನು ಮೊದಲು ಎಲ್ಲರೂ ಸೇರಿ ಮಾಡಿ, ಜಪಸರ ಆಮೇಲೆ ಮುಂದುವರಿಸಿ. ಓದಲು ಸೊಸೆಗೇ ಹೇಳಿ. ಅವಳ ತವರಿನ ಸಭೆಯ ಹಾಡೊಂದನ್ನು ಅತ್ತೆ ಕಲಿತರೆ ಆಗುವ ಕೆಲಸ ಹತ್ತು ಬುದ್ಧಿಮಾತಿನಿಂದ ಆಗದು.

ಯಜಮಾನರು ದುಬೈನಲ್ಲಿದ್ದಾರೆ. ಕುಟುಂಬ ಪ್ರಾರ್ಥನೆ ಅಂದ್ರೆ ನಾನು, ಮಗು ಅಷ್ಟೇ.

ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ವಾರಕ್ಕೊಂದು ದಿನ ವಿಡಿಯೊ ಕಾಲ್‌ನಲ್ಲಿ ಅಪ್ಪನೇ ವಚನ ಓದಲಿ. 2022ರಿಂದ ಅಲ್ಲಿ ಶನಿವಾರ, ಭಾನುವಾರ ರಜೆ ಆಗಿರುವುದರಿಂದ ಭಾನುವಾರದ ಹೊತ್ತು ಹೊಂದಿಸುವುದು ಮೊದಲಿಗಿಂತ ಸುಲಭ. ಕಾಲ್‌ನಲ್ಲಿ ಫೀಸು, ಸಾಲ, ಮನೆ ರಿಪೇರಿಯ ಮಾತು ಬರುವ ಮೊದಲೇ ಪ್ರಾರ್ಥನೆ ಮುಗಿಸಿ. ಆಮೇಲೆ ಮನಸ್ಸು ನಿಲ್ಲುವುದಿಲ್ಲ.

## ಅಡುಗೆಮನೆ, ಊಟ, ಹಬ್ಬ

ಮಾರ್ಥಳ ಕಥೆ ಕೇಳಿದಾಗಲೆಲ್ಲ ನನಗೇ ಬೈದ ಹಾಗೆ ಅನ್ಸುತ್ತೆ. ಅಡುಗೆ ಮಾಡೋದು ತಪ್ಪಾ?

ಹೆಂಗಸರಿಂದ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಗಂಡಸರು ಒಬ್ಬರೂ ಕೇಳಿಲ್ಲ.

ಲೂಕ 10:38-42 ಮತ್ತೆ ಓದಿ. ಯೇಸುಸ್ವಾಮಿ ಒಲೆ ಆರಿಸು ಅನ್ನಲಿಲ್ಲ. ಹಲವು ವಿಷಯಗಳಿಗೆ ಚಿಂತೆ ಹಚ್ಚಿಕೊಂಡು ತಳಮಳಿಸುತ್ತಿದ್ದೀಯ ಅಂದರು. ತಮ್ಮ ಪಾದದ ಬಳಿ ಕೂತು ಕೇಳುತ್ತಿದ್ದ ತಂಗಿಯನ್ನು ಎಬ್ಬಿಸಿ ಕಳಿಸು ಅಂತ ಮಾರ್ಥ ಕೇಳಿದ್ದಕ್ಕೆ ಮಾತ್ರ ಒಪ್ಪಲಿಲ್ಲ. ಕಲಿಯಲು ಕೂತ ಹೆಂಗಸನ್ನು ಅಡುಗೆಮನೆಗೆ ಕಳಿಸಲು ಒಪ್ಪದ ಗುರು ಆ ಕಾಲಕ್ಕೆ ಸಣ್ಣ ಮಾತಲ್ಲ.

ಮಾರ್ಥಳ ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ಸಹೋದರ ಲಾಜರ ಸತ್ತಾಗ, ನೀನು ಕ್ರಿಸ್ತ, ದೇವರ ಮಗ ಎಂದು ಬಾಯಿಬಿಟ್ಟು ಹೇಳಿದವಳು ಅವಳೇ (ಯೋಹಾನ 11:27). ಶಿಷ್ಯ ಪೇತ್ರ ಯೇಸುಸ್ವಾಮಿಗೆ ಹೇಳಿದ ಇಂಥದೇ ಮಾತಿಗೆ ಸಮನಾದ ಮಾತು ಅದು. ಮುಂದಿನ ಅಧ್ಯಾಯದಲ್ಲಿ ಅವಳು ಮತ್ತೆ ಬಡಿಸುತ್ತಿದ್ದಾಳೆ (ಯೋಹಾನ 12:2). ಈ ಸಲ ಯಾರೂ ಏನೂ ಅನ್ನುವುದಿಲ್ಲ.

ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ 17ನೇ ಶತಮಾನದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಅವರ ಕೆಲಸ ಅಡುಗೆಮನೆಯಲ್ಲಿ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಇರುವುದನ್ನು ರೂಢಿ ಮಾಡಿಕೊಂಡವರು. ಅವರಿಗಿಂತ ಮೊದಲೇ ಸ್ಪೇನಿನ ಆವಿಲದ ಸಂತ ತೆರೇಸ ತಮ್ಮ ಸಿಸ್ಟರ್‌ಗಳಿಗೆ, ಕರ್ತನು ಅಡುಗೆ ಪಾತ್ರೆಗಳ ನಡುವೆಯೂ ಓಡಾಡುತ್ತಾನೆ ಎಂಬರ್ಥದ ಮಾತು ಬರೆದಿದ್ದರು.

ಆದರೆ ಇಷ್ಟು ಹೇಳಿ ಅಮ್ಮನನ್ನು ಅಡುಗೆಮನೆಯಲ್ಲೇ ಬಿಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ. ಭಾನುವಾರ ಮನೆಯವರೆಲ್ಲ ಆರಾಧನೆಯಲ್ಲಿ, ಅಮ್ಮ ಮಾತ್ರ ಕೋಳಿ ಸಾರು ಕುದಿಸುತ್ತಾ ಹಿಂದೆ ಉಳಿಯುವ ಮನೆಗಳಿವೆ. ಅಲ್ಲಿ ಪಾಠ ಕಲಿಯಬೇಕಾದವರು ಉಳಿದವರು. ಶನಿವಾರವೇ ಮಸಾಲೆ ರುಬ್ಬಿಡಿ, ಇಲ್ಲ ಭಾನುವಾರ ಬರೀ ಅನ್ನ ಸಾರು ಉಣ್ಣಿ.

ಗಂಡಸರ ಪಾಲಿಗೆ ಪ್ರಾರ್ಥನೆ ನಡೆಸೋದು, ಅಷ್ಟೇ ತಾನೇ?

ಸತ್ತು ಎದ್ದು ಬಂದ ಯೇಸುಸ್ವಾಮಿ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಶಿಷ್ಯರನ್ನು ತಿಂಡಿಗೆ ಕರೆದರು (ಯೋಹಾನ 21:9-12). ಶಿಷ್ಯರ ಕಾಲು ತೊಳೆದದ್ದು ಎಲ್ಲರಿಗೂ ಗೊತ್ತೇ ಇದೆ. ಇನ್ನು ಲೂಥರ್ 1522ರಲ್ಲಿ ಬರೆದ ಒಂದು ಮಾತು: ಅಪ್ಪ ಮಗುವಿನ ಬಟ್ಟೆ ಒಗೆಯುವಾಗ ಜನ ನಗಬಹುದು, ಆದರೆ ಅದನ್ನು ಅವನು ವಿಶ್ವಾಸದಿಂದ ಮಾಡಿದರೆ ದೇವರೂ ದೂತರೂ ಸಂತೋಷದಿಂದ ನಗುತ್ತಾರೆ. ಇದನ್ನು ಬರೆದಾಗ ಅವನಿಗೆ ಮದುವೆಯೇ ಆಗಿರಲಿಲ್ಲ, ಅದು ಬೇರೆ ಮಾತು.

ತೆನೆ ಹಬ್ಬ, ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ, ಇವೆಲ್ಲ ಬರೀ ಸಂಪ್ರದಾಯ ಅಲ್ವಾ? ವಿಶ್ವಾಸಕ್ಕೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ, ಆದರೆ ತಾನಾಗಿ ಬರುವುದಿಲ್ಲ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ತೆನೆ ಹಬ್ಬ, ಮೊಂತಿ ಫೆಸ್ತ್ ನೋಡಿ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ನೊವೆನ ಪ್ರಾರ್ಥನೆ. ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಹೊಸ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸಿ, ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ತರಕಾರಿ ಊಟ, ಬಾಳೆ ಎಲೆಯ ಮೇಲೆ.

ಸಿಎಸ್‌ಐ ಸಭೆಗಳಲ್ಲಿ ಸುಗ್ಗಿಯ ಹಬ್ಬ ಇದೆ. ಬೆಳೆದ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ ತಂದು ಅರ್ಪಿಸಿ, ಆಮೇಲೆ ಹರಾಜು ಹಾಕುತ್ತಾರೆ. ಐವತ್ತು ರೂಪಾಯಿಯ ಕುಂಬಳಕಾಯಿಗೆ ಐನೂರು ಕೂಗುವ ಮಾವಂದಿರನ್ನು ನೋಡಿದ ಮಕ್ಕಳು ಕಾಣಿಕೆ ಅಂದರೇನು ಅಂತ ಮರೆಯುವುದಿಲ್ಲ.

ಇದರ ಬೇರು ಧರ್ಮೋಪದೇಶಕಾಂಡ 26ರಲ್ಲಿ ಸಿಗುತ್ತದೆ. ಮೊದಲ ಫಲವನ್ನು ದೇವರ ಮುಂದಿಟ್ಟು ತಮ್ಮ ಹಿರಿಯರ ಕಥೆ ಹೇಳಬೇಕಿತ್ತು. ನಂತರದ ಸಂತೋಷದಲ್ಲಿ ದೇವರ ಸೇವೆಗೆ ಮೀಸಲಾದ ಲೇವಿಯರೂ ಪರದೇಶಿಗಳೂ ಸೇರಬೇಕಿತ್ತು. ಹಾಗಾಗಿ ತೆನೆ ತಂದ ದಿನ ಅಜ್ಜ ಅಜ್ಜಿ ಕಂಡ ಕೊರತೆಯ ದಿನಗಳ ಕಥೆ ಹೇಳಿಸಿ. ಗದ್ದೆಯಲ್ಲಿ, ತೋಟದಲ್ಲಿ ನಿಮಗಾಗಿ ದುಡಿದವರಿಗೆ ಒಂದು ಪಾಲು ಕಳಿಸಿ. ಕುಸ್ವಾರ್‌ನ ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್ ಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುವುದು ನಮ್ಮಲ್ಲಿ ಹಳೇ ರೂಢಿ. ತಟ್ಟೆಯನ್ನು ಮಕ್ಕಳ ಕೈಯಲ್ಲೇ ಕಳಿಸಿ. ಜಗಳ ಆಡಿ ಮಾತು ಬಿಟ್ಟ ಮನೆಗೂ ಒಂದು ತಟ್ಟೆ ಹೋಗಲಿ. ಅಲ್ಲಿಗೆ ಮಾತ್ರ ಮಕ್ಕಳನ್ನು ಕಳಿಸಬೇಡಿ, ನೀವೇ ಹೋಗಿ.

## ಮಕ್ಕಳ ಜೊತೆ

ಏನಾದ್ರೂ ಆದ ಕೂಡಲೇ ನಾನು ವಾಕ್ಯ ಹೇಳ್ತೀನಿ. ಮಗಳು "ಶುರುವಾಯ್ತು" ಅಂತಾಳೆ.

ಅವಳು ಹೇಳುವುದರಲ್ಲಿ ನ್ಯಾಯ ಇದೆ. ಹಾಲು ಚೆಲ್ಲಿದರೂ ಪಾಠ, ಬಸ್ ತಪ್ಪಿದರೂ ಪಾಠ ಅಂದರೆ ಯಾರಿಗಾದರೂ ಸಾಕಾಗುತ್ತದೆ. ಚೆಲ್ಲಿದ ಹಾಲನ್ನು ಒರೆಸಿ. ಎಲ್ಲಕ್ಕೂ ಅರ್ಥ ಹುಡುಕಬೇಕಿಲ್ಲ.

ಬೈಯುವಾಗ ವಾಕ್ಯ ಬಳಸಲೇಬೇಡಿ. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆ ಮನೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಕೋಪದಲ್ಲಿ. ಅದೇ ಅಧ್ಯಾಯದ, ತಂದೆಗಳೇ ನಿಮ್ಮ ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಎಂಬ ಮಾತು (ಎಫೆಸ 6:4) ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ? ಆ ವಚನವನ್ನು ಫ್ರಿಜ್ ಮೇಲೆ ಅಂಟಿಸಲು ಮಗಳಿಗೇ ಹೇಳಿ.

ತಪ್ಪು ನಂದೇ. ಆದ್ರೂ ಮಗನ ಹತ್ರ ಕ್ಷಮೆ ಕೇಳಿದ್ರೆ ಮರ್ಯಾದೆ ಹೋಗಲ್ವಾ?

ಹೋಗುವುದಿಲ್ಲ. ಕ್ಷಮೆ ಅಂದರೇನು ಅಂತ ಮಗು ಮೊದಲು ನೋಡುವುದೇ ಮನೆಯಲ್ಲಿ. ಪ್ರಭುಭೋಜನಕ್ಕೆ ಹೋಗುವ ಮುಂಚೆ ಎಲ್ಲರೂ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಹೇಳುತ್ತೇವೆ. ಆದರೆ ಮಗುವಿನ ಪಾಲಿಗೆ ಅಪ್ಪ ಯಾವತ್ತೂ ತಪ್ಪೇ ಮಾಡದವನು. ಆಗ ಆ ಪ್ರಾರ್ಥನೆ ಮಗುವಿಗೆ ನಾಟಕದ ಹಾಗೆ ಕಾಣುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅಂತ ಇದೆಯಲ್ಲ (ಮತ್ತಾಯ 5:23-24), ಅಲ್ಲಿ ವಯಸ್ಸಿನ ಮಿತಿ ಹಾಕಿಲ್ಲ.

ಹೇಗೆ ಕೇಳುವುದು? ಮಗುವಿನ ಎದುರು ಕೂತು ಮಾಡಿದ್ದನ್ನು ಹೆಸರಿಟ್ಟು ಹೇಳಿ: "ನಿನ್ನ ಸ್ನೇಹಿತರ ಮುಂದೆ ಬೈದೆ. ಅದು ತಪ್ಪು. ಕ್ಷಮಿಸು." ಅಲ್ಲಿಗೆ ನಿಲ್ಲಿಸಿ. "ಆದರೆ ನೀನೂ..." ಅಂತ ಶುರು ಮಾಡಿದಿರೋ, ಹಿಂದೆ ಹೇಳಿದ್ದೆಲ್ಲ ನೀರಿಗೆ ಹೋಯಿತು. ಮಗು ಕೂಡಲೇ ಕ್ಷಮಿಸದಿದ್ದರೆ ಕಾಯಿರಿ. ಚಾಕೊಲೇಟ್ ತಂದು ಕೊಟ್ಟು ಅವಸರ ಮಾಡಬೇಡಿ.

ದೊಡ್ಡವನ ಮೇಲೆ ನಿಮಗೆ ಪ್ರೀತಿ ಜಾಸ್ತಿ ಅಂತ ಚಿಕ್ಕವಳು ಅಳ್ತಾಳೆ.

ಮೊದಲು, ಅದು ನಿಜವಾ ಅಂತ ನೋಡಿಕೊಳ್ಳಿ. ಅಪ್ಪ ಇಸಾಕನಿಗೆ ಏಸಾವ ಇಷ್ಟ, ಅಮ್ಮ ರೆಬೆಕ್ಕಳಿಗೆ ತಮ್ಮ ಯಾಕೋಬ ಇಷ್ಟ (ಆದಿಕಾಂಡ 25:28). ಆ ಭೇದದಿಂದ ನೊಂದ ಯಾಕೋಬನೇ ಮುಂದೆ ತನ್ನ ಮಕ್ಕಳಲ್ಲಿ ಯೋಸೇಫನಿಗೊಬ್ಬನಿಗೇ ಚೆಂದದ ಅಂಗಿ ಹೊಲಿಸಿದ (ಆದಿಕಾಂಡ 37:3). ಸತ್ಯವೇದ (ಬೈಬಲ್) ಇದನ್ನು ಮುಚ್ಚಿಡದೆ ಬರೆದಿದೆ. ನಾವೂ ಮುಚ್ಚಿಡಬೇಕಿಲ್ಲ. ಮಗಳ ಅಳುವನ್ನು "ಹೊಟ್ಟೆಕಿಚ್ಚು ಪಾಪ" ಅಂತ ತಳ್ಳಿಹಾಕಬೇಡಿ.

ಎಸ್‌ಎಸ್‌ಎಲ್‌ಸಿಗೆ ಅಷ್ಟು ಉಪವಾಸ ಪ್ರಾರ್ಥನೆ ಮಾಡಿದ್ವಿ. ಮಾರ್ಕ್ಸ್ ಬರಲಿಲ್ಲ. ಮಗನಿಗೆ ಈಗ ದೇವರ ಮೇಲೇ ಕೋಪ.

ಪ್ರಾರ್ಥಿಸಿದರೆ ಮಾರ್ಕ್ಸ್ ಬರುತ್ತದೆ ಅಂತ ಅವನಿಗೆ ಯಾರು ಹೇಳಿದ್ದು? ಹಾಗೆ ಹೇಳಿದ್ದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೋಪವನ್ನು ದೇವರ ಹತ್ತಿರವೇ ಹೇಳಲು ಬಿಡಿ. ಕೀರ್ತನೆ 13 "ಎಷ್ಟು ಕಾಲ" ಎಂದೇ ಶುರುವಾಗುತ್ತದೆ. ಆಮೇಲೆ ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿ.

## ಕಷ್ಟದ ಪ್ರಶ್ನೆಗಳು

ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ನೋಡಲು ಬಂದವರೆಲ್ಲ "ದೇವರು ಏನೋ ಪಾಠ ಕಲಿಸ್ತಿದ್ದಾರೆ" ಅಂತಾರೆ. ಏನು ಪಾಠ?

ಆ ಮಾತಿಗೆ ನೀವು ಉತ್ತರ ಕೊಡಬೇಕಿಲ್ಲ. ಎಲ್ಲ ಕಳೆದುಕೊಂಡು ರೋಗಕ್ಕೆ ಬಿದ್ದ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು (ಯೋಬ 2:13). ಅದು ಅವರು ಮಾಡಿದ ಅತಿ ಒಳ್ಳೆಯ ಕೆಲಸ. ಬಾಯಿ ತೆರೆದು ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟಿತು. ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆ (ಯೋಬ 42:7). ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗಲೂ ಯೇಸುಸ್ವಾಮಿ ಆ ಲೆಕ್ಕವನ್ನು ಒಪ್ಪಲಿಲ್ಲ (ಯೋಹಾನ 9:2-3).

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಸೊಂಟ ಮುರಿಯುವ ಕೆಲಸ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಊಟ ತಿನ್ನಿಸಬೇಕು, ಒದ್ದೆ ಬಟ್ಟೆ ತೆಗೆಯಬೇಕು. ಇದನ್ನು ಮಾಡುವವರಿಗೆ ಬೇಸರ, ಸಿಟ್ಟು ಬರುವುದು ವಿಶ್ವಾಸ ಕಮ್ಮಿ ಆದದ್ದರಿಂದಲ್ಲ, ನಿದ್ದೆ ಕಮ್ಮಿ ಆದದ್ದರಿಂದ. ಕೀರ್ತನೆ 88 ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಸಾಲು ಕೊನೆಗೂ ಬರುವುದಿಲ್ಲ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗ ಇದೆ.

ಪಾಠ ಇದ್ದರೆ ಅದು ಸಭೆಗೆ. ಸ್ತ್ರೀಯರ ಕೂಟದವರು ಬಂದು ಹಾಡಿ ಪ್ರಾರ್ಥಿಸಿ ಹೋಗುವ ಬದಲು, ವಾರಕ್ಕೊಂದು ಮಧ್ಯಾಹ್ನ ಇಬ್ಬರು ಬಂದು ಅತ್ತೆಯ ಹತ್ತಿರ ಕೂರಲಿ, ಸೊಸೆ ಮಲಗಲಿ. ಕೇಳಲು ಸಂಕೋಚವಾದರೆ ಈ ಉತ್ತರವನ್ನೇ ಅವರಿಗೆ ತೋರಿಸಿ.

ಗಂಡ ಹೊಡೀತಾರೆ. ಸಹಿಸಿಕೊಳ್ಳೋದೇ ನಿನ್ನ ಶಿಲುಬೆ ಅಂತ ಹಿರಿಯರು ಹೇಳ್ತಾರೆ.

ಅದು ತಪ್ಪು ಬೋಧನೆ. ಗಂಡಂದಿರಿಗೆ ಎಫೆಸ 5:25 ಹೇಳುವುದು ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟುಕೊಂಡ ಹಾಗೆ ಪ್ರೀತಿಸಿ ಎಂದು. ಹೊಡೆಯುವವನಿಗೆ ಆ ಅಧ್ಯಾಯದಲ್ಲಿ ಆಸರೆ ಸಿಗುವುದಿಲ್ಲ. ಕ್ಷಮಿಸುವುದು ಬೇರೆ, ಏಟು ಬೀಳುವ ಜಾಗದಲ್ಲೇ ಇರುವುದು ಬೇರೆ. ಕೊಲ್ಲಲು ಬಂದವರಿಂದ ಯೇಸುಸ್ವಾಮಿಯೇ ತಪ್ಪಿಸಿಕೊಂಡು ಹೋದದ್ದುಂಟು (ಲೂಕ 4:29-30).

ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರಡಿ ನೀವಿರುವ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಕೇಳಬಹುದು. ಪೊಲೀಸರ ಹತ್ತಿರ ಹೋದರೆ ಸಭೆಯ ಮಾನ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಗಂಡನ ಮನೆಯಲ್ಲಿ ನಾನೊಬ್ಬಳೇ ಕ್ರೈಸ್ತಳು. ಮನೆಯವರ ಜೊತೆ ವಿಶ್ವಾಸದ ಜೀವನ ಹೇಗೆ?

ಪೌಲನ ಶಿಷ್ಯ ತಿಮೊಥೆಯನ ಮನೆ ಹೀಗೇ ಇತ್ತು. ತಂದೆ ಗ್ರೀಕನು, ತಾಯಿ ಯೆಹೂದ್ಯಳು, ವಿಶ್ವಾಸಿ (ಅಪೊಸ್ತಲರ ಕೃತ್ಯಗಳು 16:1). ಅವನ ವಿಶ್ವಾಸ ಅಜ್ಜಿ ಲೋವಿ, ತಾಯಿ ಯೂನಿಕೆಯಿಂದ ಬಂತು ಅಂತ ಪೌಲ ಹೆಸರು ಹಿಡಿದು ಹೇಳುತ್ತಾನೆ (2 ತಿಮೊಥೆಯ 1:5). ಮಾತಿಲ್ಲದೆ ನಡತೆಯಿಂದಲೇ ಗಂಡನ ಮನಸ್ಸು ಗೆಲ್ಲಬಹುದು ಎಂದು 1 ಪೇತ್ರ 3:1 ಹೇಳುವುದೂ ಇಂಥ ಮನೆಗೇ. ಅತ್ತೆಯ ಪೂಜೆಯನ್ನು ಹಂಗಿಸಬೇಡಿ. ನಿಮ್ಮ ಪ್ರಾರ್ಥನೆಯನ್ನು ಮುಚ್ಚಿಡಲೂ ಬೇಡಿ. ಯೇಸುಸ್ವಾಮಿಯ ಸಹೋದರರೇ ಮೊದಲು ನಂಬಿರಲಿಲ್ಲ (ಯೋಹಾನ 7:5).

ಒಂದು ಘಟನೆಯಲ್ಲಿ ನನಗೆ ಕಂಡ ಪಾಠ ದೇವರದ್ದೋ, ನನ್ನ ಕಲ್ಪನೆಯೋ? ಹೇಗೆ ಗೊತ್ತಾಗುತ್ತೆ?

ನಾನು ಮೊದಲು ನೋಡುವುದು, ಆ ಪಾಠ ಯಾರಿಗೆ ಅಂತ. ನಾದಿನಿಗೆ ಬುದ್ಧಿ ಬರಲಿ ಅಂತ ಹೀಗಾಯಿತು, ಮೇಲಿನ ಮನೆಯವರ ಸೊಕ್ಕು ಮುರಿಯಲಿ ಅಂತ ಹಾಗಾಯಿತು ಅನ್ನಿಸಿದರೆ ನನಗೆ ಅನುಮಾನ. ಪ್ರವಾದಿ ನಾತಾನ ಹೇಳಿದ ಕಥೆ ಕೇಳಿ ರಾಜ ದಾವೀದನೂ ಬೇರೆ ಯಾರೋ ತಪ್ಪು ಮಾಡಿದ್ದಾರೆ ಅಂತಲೇ ಸಿಟ್ಟಾಗಿದ್ದ. ಆ ಮನುಷ್ಯನು ನೀನೇ ಅಂತ ಕೇಳಿಸಿಕೊಳ್ಳಬೇಕಾಯಿತು (2 ಸಮುವೇಲ 12:7). ಎರಡನೆಯದು, ಸುವಾರ್ತೆಗಳಲ್ಲಿ ಕಾಣುವ ಯೇಸುಸ್ವಾಮಿ ಹಾಗೆ ಹೇಳುತ್ತಿದ್ದರಾ ಅಂತ ಕೇಳಿಕೊಳ್ಳಿ. ಜೊತೆಗೆ, ನಿಮ್ಮನ್ನು ಒಪ್ಪದೇ ಇರುವ ಧೈರ್ಯ ಇರುವ ಒಬ್ಬರಿಗೆ ಹೇಳಿ ನೋಡಿ. ಮನೆ ಮಾರುವುದು, ಕೆಲಸ ಬಿಡುವುದು, ಮದುವೆ ಮುರಿಯುವುದು ಇಂಥವನ್ನು ಒಂದು ಘಟನೆಯ ಮೇಲೆ, ಅಕಸ್ಮಾತ್ ತೆರೆದ ಒಂದು ಪುಟದ ಮೇಲೆ ಮಾತ್ರ ನಿರ್ಧರಿಸಬೇಡಿ.

ಮಗ ಬೆಂಗಳೂರಿಗೆ ಹೋದ ಮೇಲೆ ಚರ್ಚ್‌ಗೆ ಹೋಗೋದೇ ಬಿಟ್ಟಿದ್ದಾನೆ. ನಾವೆಲ್ಲಿ ತಪ್ಪಿದ್ವಿ?

ತಪ್ಪು ನಿಮ್ಮದೇ ಅಂತ ಹೇಳಲಾಗದು. ಯಾಜಕ ಏಲಿಯ ಮಕ್ಕಳು ಕೆಟ್ಟರು, ಅದಕ್ಕೆ ಏಲಿ ಅವರನ್ನು ತಡೆಯದ್ದೂ ಕಾರಣ. ಆದರೆ ಒಳ್ಳೆಯವನಾಗಿ ಬಾಳಿದ ಸಮುವೇಲನ ಮಕ್ಕಳೂ ಲಂಚ ತಿಂದರು (1 ಸಮುವೇಲ 8:3). ಹೀಗೆ ಬೆಳೆಸಿದರೆ ಹೀಗೇ ಆಗುತ್ತಾರೆ ಎಂಬ ಲೆಕ್ಕ ಸತ್ಯವೇದದಲ್ಲೇ ಕೂಡುವುದಿಲ್ಲ.

ಲೂಕ 15ರ ಕಥೆಯಲ್ಲಿ ತಂದೆ, ಮನೆ ಬಿಟ್ಟು ಹೋದ ಮಗನ ಹಿಂದೆ ದೂರದೇಶಕ್ಕೆ ಹೋಗಲಿಲ್ಲ. ಬೈಗುಳದ ಪತ್ರ ಕಳಿಸಲಿಲ್ಲ. ಮಗ ಇನ್ನೂ ದೂರದಲ್ಲಿದ್ದಾಗಲೇ ಕಂಡು ಓಡಿದ. ಮಗ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಪೂರ್ತಿ ಹೇಳಲೂ ಬಿಡಲಿಲ್ಲ. ಮನೆಯಲ್ಲೇ ಇದ್ದು ಮುನಿಸಿಕೊಂಡ ಹಿರಿಮಗನಿಗಾಗಿಯೂ ಅವನೇ ಹೊರಗೆ ಬಂದ. ಪ್ರತಿ ಭಾನುವಾರ ತಪ್ಪದೆ ಚರ್ಚ್‌ಗೆ ಬರುವ ಮಗ ಮನೆಯಲ್ಲಿದ್ದರೆ ಅವನ ಮನಸ್ಸೂ ಹೇಗಿದೆ ಅಂತ ನೋಡಿ.

ಭಾನುವಾರ ಸಂಜೆ ಫೋನ್ ಮಾಡಿದ ಕೂಡಲೇ "ಚರ್ಚ್‌ಗೆ ಹೋದ್ಯಾ?" ಅಂತ ಕೇಳುವುದನ್ನು ಬಿಡಿ. ಆ ಪ್ರಶ್ನೆಗೆ ಅವನು ಸುಳ್ಳು ಹೇಳುವುದನ್ನಷ್ಟೇ ಕಲಿಯುತ್ತಾನೆ. ಊಟ ಆಯ್ತಾ, ಕೆಲಸ ಹೇಗಿದೆ ಅಂತ ಕೇಳಿ. ಅಮ್ಮನ ಮಂಡಿನೋವು, ಅಪ್ಪನ ಶುಗರ್, ತೋಟದ ಸುದ್ದಿ ಹೇಳಿ. ನಂಬಿಕೆ ಯಾಕೆ ಸಡಿಲವಾಯಿತು ಅಂತ ಅವನೇ ಮಾತು ತೆಗೆದರೆ ನಡುವೆ ಬಾಯಿ ಹಾಕದೆ ಕೇಳಿ. ಸಭೆಯಲ್ಲಿ ಯಾರೋ ನೋಯಿಸಿರಬಹುದು, ಇಲ್ಲ ಉತ್ತರ ಸಿಗದ ಪ್ರಶ್ನೆ ಇರಬಹುದು, ಇಲ್ಲ ಬರೀ ಭಾನುವಾರದ ನಿದ್ದೆಯೂ ಇರಬಹುದು. ಕಾರಣ ಗೊತ್ತಾಗುವವರೆಗೆ ಅವನ ಊರಿನ ಪಾಸ್ಟರ್‌ಗೆ ನಂಬರ್ ಕೊಟ್ಟು ಫೋನ್ ಮಾಡಿಸಬೇಡಿ.